ಕಣ್ಣಿನ ಸುತ್ತಲಿನ ವಯಸ್ಸು: ಕತ್ತರಿ ಮುಟ್ಟದ ಚಿಕಿತ್ಸೆಗಳು ಎಲ್ಲಿಗೆ ಬಂದಿವೆ

ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬಂದವರನ್ನೂ ‘ಯಾಕೆ, ಹುಷಾರಿಲ್ವಾ?’ ಎಂದು ಕೇಳುವಂತೆ ಮಾಡುವುದು ಕಣ್ಣಿನ ಸುತ್ತಲಿನ ಎರಡು ಬೆರಳಗಲದ ಜಾಗ. ಕಣ್ಣಿನ ತುದಿಯಲ್ಲಿ ಗೆರೆ, ಕೆಳಗೆ ಉಬ್ಬಿದ ಚೀಲ, ಅದರ ಬುಡದಲ್ಲಿ ಗುಳಿ, ಸುತ್ತಲೂ ಕಪ್ಪು, ಜೋತುಬಿದ್ದ ಮೇಲಿನ ರೆಪ್ಪೆ: ಚಾಳೀಸು ಬರುವ ವಯಸ್ಸಿನ ಆಚೀಚೆ ಇವುಗಳಲ್ಲಿ ಒಂದೆರಡಾದರೂ ಹೆಚ್ಚಿನವರ ಮುಖದಲ್ಲಿ ಕಾಣಿಸಿಕೊಳ್ಳುತ್ತವೆ. 1980ರ ದಶಕದವರೆಗೂ ಇದಕ್ಕೆ ವೈದ್ಯರ ಬಳಿ ಇದ್ದ ಗಟ್ಟಿ ಉತ್ತರ ರೆಪ್ಪೆಯ ಆಪರೇಷನ್ ಒಂದೇ. ಈಗ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಚರ್ಮದ ಕ್ಲಿನಿಕ್ಕುಗಳ ಬೋರ್ಡಿನ ಮೇಲೆ ಬೊಟಾಕ್ಸ್, ಫಿಲ್ಲರ್, ಲೇಸರ್, ಪೀಲ್, ಪಿಆರ್‌ಪಿ ಎಂದು ಸಾಲು ಸಾಲಾಗಿ ಬರೆದಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಕಣ್ಣಿಗೆಂದೇ ಬೇರೆ ಕ್ರೀಮುಗಳಿವೆ.

ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ಇಬ್ಬರು ತಜ್ಞರಿಂದ ಎರಡು ಉತ್ತರ ಬರುವುದು ಸಾಮಾನ್ಯ. ಅಲ್ಲಿ ಮುಪ್ಪಾಗಿರುವುದು ಚರ್ಮವೋ, ಸ್ನಾಯುವೋ, ಕೊಬ್ಬೋ, ಮೂಳೆಯೋ ಎಂಬಲ್ಲೇ ಅಭಿಪ್ರಾಯಭೇದ ಇರುವುದು ಇದಕ್ಕೆ ಕಾರಣ. ಪ್ರತಿ ಚಿಕಿತ್ಸೆಯೂ ಒಂದೋ ಎರಡೋ ಪದರಕ್ಕೆ ಮಾತ್ರ ಮದ್ದು. ದುಡ್ಡು ಸುರಿದು ನಿರಾಶರಾಗುವವರಲ್ಲಿ ಬಹಳಷ್ಟು ಮಂದಿ ಪಡೆದದ್ದು ಕೆಟ್ಟ ಚಿಕಿತ್ಸೆಯಲ್ಲ, ಪದರ ತಪ್ಪಿದ ಚಿಕಿತ್ಸೆ ಎಂಬುದು ಈ ಕ್ಷೇತ್ರದ ಬರಹಗಳನ್ನು ಓದುತ್ತ ನನ್ನಲ್ಲಿ ಬಲವಾದ ಅಭಿಪ್ರಾಯ.

ಮುಪ್ಪು ಯಾವ ಪದರದ್ದು?

ಮೈಯ ಚರ್ಮದಲ್ಲೆಲ್ಲ ರೆಪ್ಪೆಯ ಚರ್ಮ ಅತಿ ತೆಳು. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಅಲ್ಲಿ ಎಣ್ಣೆ ಗ್ರಂಥಿಗಳು ಕಡಿಮೆ, ಚರ್ಮದಡಿಯ ಕೊಬ್ಬು ಹೆಸರಿಗಷ್ಟೆ. ಅದರ ಕೆಳಗೆ ಕಣ್ಣನ್ನು ಸುತ್ತುವರಿದ ವೃತ್ತಾಕಾರದ ಸ್ನಾಯು. ರೆಪ್ಪೆ ಮುಚ್ಚುವುದು, ಕಣ್ಣು ಕಿರಿದು ಮಾಡುವುದು ಅದರ ಕೆಲಸ. ಸ್ನಾಯುವಿನ ಹಿಂದೆ ಒಂದು ತೆಳ್ಳನೆಯ ಪೊರೆ, ಪೊರೆಯ ಹಿಂದೆ ಕಣ್ಣುಗುಡ್ಡೆಗೆ ಮೆತ್ತೆಯಾಗಿರುವ ಕೊಬ್ಬು, ಎಲ್ಲಕ್ಕೂ ಆಧಾರವಾಗಿ ಕಣ್ಣುಗೂಡಿನ ಮೂಳೆ.

ಹಳೆಯ ಪಂಥದ ಪ್ರಕಾರ ಇಲ್ಲಿ ನಡೆಯುವುದು ಜೋತುಬೀಳುವಿಕೆ. ವಯಸ್ಸಾದಂತೆ ಪೊರೆ ಸಡಿಲವಾಗುತ್ತದೆ, ಹಿಂದಿನ ಕೊಬ್ಬು ಮುಂದಕ್ಕೆ ನುಗ್ಗಿ ಚೀಲವಾಗುತ್ತದೆ, ಚರ್ಮ ಇಳಿಬೀಳುತ್ತದೆ. 1951ರಲ್ಲಿ ಕಾಸ್ಟನಾರೆಸ್ ಎಂಬ ಶಸ್ತ್ರವೈದ್ಯರು ಈ ಕೊಬ್ಬಿನ ವಿಭಾಗಗಳನ್ನು ಬಿಡಿಸಿ ವಿವರಿಸಿದ ಮೇಲೆ, ಹೆಚ್ಚಾದ ಚರ್ಮವನ್ನೂ ಕೊಬ್ಬನ್ನೂ ಕತ್ತರಿಸಿ ತೆಗೆಯುವುದು ದಶಕಗಳ ಕಾಲ ವಾಡಿಕೆಯಾಯಿತು. ಹಾಗೆ ಧಾರಾಳವಾಗಿ ಕೊಬ್ಬು ತೆಗೆಸಿಕೊಂಡ ಕೆಲವರ ಕಣ್ಣುಗಳು ಮುಂದೆ ಗುಳಿಬಿದ್ದು, ಇನ್ನಷ್ಟು ವಯಸ್ಸಾದಂತೆ ಕಂಡವು. ಆ ಅನುಭವದಿಂದ ಎರಡನೆಯ ಪಂಥಕ್ಕೆ ಬಲ ಬಂತು: ಮುಪ್ಪು ಎಂದರೆ ಇಳಿಯುವುದಕ್ಕಿಂತ ಹೆಚ್ಚಾಗಿ ಬರಿದಾಗುವುದು. ಅಮೆರಿಕದ ವಾಲ್ ಲ್ಯಾಂಬ್ರೋಸ್ ಒಂದೇ ವ್ಯಕ್ತಿಯ ಹಳೆಯ ಮತ್ತು ಹೊಸ ಫೋಟೋಗಳನ್ನು ಒಂದರ ಮೇಲೊಂದಿಟ್ಟು ಹೋಲಿಸಿ 2007ರಲ್ಲಿ ಪ್ರಕಟಿಸಿದರು. ಕಣ್ಣಿನ ಕೆಳಗಿನ ಮಚ್ಚೆಗಳು, ಗುರುತುಗಳು ಎಲ್ಲರೂ ಅಂದುಕೊಂಡಷ್ಟು ಕೆಳಗೆ ಸರಿದಿರಲಿಲ್ಲ.

ಸಿಟಿ ಸ್ಕ್ಯಾನ್ ಅಧ್ಯಯನಗಳು ಇನ್ನೊಂದು ಮಾತು ಸೇರಿಸಿದವು: ವಯಸ್ಸಿನೊಂದಿಗೆ ಕಣ್ಣುಗೂಡಿನ ಅಂಚಿನ ಮೂಳೆಯೇ ಸವೆಯುತ್ತದೆ, ಅದರಲ್ಲೂ ಮೂಗಿನ ಕಡೆಯ ಮೇಲ್ಭಾಗ ಮತ್ತು ಕಿವಿಯ ಕಡೆಯ ಕೆಳಭಾಗದಲ್ಲಿ. ಹಾಗಾದರೆ ಎಲ್ಲವೂ ಕಡಿಮೆಯಾಗುತ್ತಲೇ ಹೋಗುತ್ತದೆಯೇ? ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಎಂಆರ್‌ಐ ಅಧ್ಯಯನದಲ್ಲಿ, ಕೆಳರೆಪ್ಪೆಯ ಹಿಂದಿನ ಕೊಬ್ಬು ವಯಸ್ಸಿನೊಂದಿಗೆ ಹೆಚ್ಚುತ್ತಿರುವುದು ಕಂಡಿತು. ಕೆನ್ನೆಯ ಕೊಬ್ಬು ಬತ್ತುವಾಗ ಕಣ್ಣಿನಡಿಯ ಕೊಬ್ಬು ಬೆಳೆಯುವುದೂ ಸಾಧ್ಯ, ಅದೂ ಒಂದೇ ಮುಖದಲ್ಲಿ. ಪಂಥಗಳು ಒಂದನ್ನೊಂದು ಸೋಲಿಸಬೇಕಿಲ್ಲ. ಅಕ್ಕನಿಗೆ ಗುಳಿ, ತಂಗಿಗೆ ಚೀಲ ಬರಬಹುದು. ಮದ್ದು ಒಂದೇ ಆಗಲಾರದು ಎಂಬುದು ಮಾತ್ರ ಇದರಿಂದ ಸ್ಪಷ್ಟ.

ಸ್ನಾಯುವನ್ನು ಸುಮ್ಮನಾಗಿಸುವವರು

ಬೊಟಾಕ್ಸ್‌ನ ಕಥೆ ಕಣ್ಣಿನಲ್ಲಿ ಶುರುವಾದದ್ದಲ್ಲ, ಊಟದ ತಟ್ಟೆಯಲ್ಲಿ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ ಹಳಸಿದ ಸಾಸೇಜ್ ತಿಂದು ಜನ ಸಾಯುತ್ತಿದ್ದಾಗ, ವೈದ್ಯರೂ ಕವಿಯೂ ಆಗಿದ್ದ ಯುಸ್ಟಿನುಸ್ ಕರ್ನರ್ 1820ರ ದಶಕದ ಆರಂಭದಲ್ಲಿ ಆ ವಿಷದ ಲಕ್ಷಣಗಳನ್ನು ದಾಖಲಿಸಿದರು. ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು ಅವುಗಳಲ್ಲಿ ಸೇರಿದ್ದವು. ಸ್ವಲ್ಪವೇ ಕೊಟ್ಟರೆ ಇದು ಅತಿಯಾಗಿ ಕೆರಳಿದ ನರಗಳಿಗೆ ಮದ್ದಾಗಬಹುದು ಎಂದೂ ಅವರು ಊಹಿಸಿದ್ದರು. 1895ರಲ್ಲಿ ಬೆಲ್ಜಿಯಂನ ಎಲ್ಲೆಝೆಲ್ ಹಳ್ಳಿಯಲ್ಲಿ ಶವಸಂಸ್ಕಾರದ ಊಟದ ಹಂದಿಮಾಂಸ ತಿಂದ ವಾದ್ಯದವರಲ್ಲಿ ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸದಿಂದಲೇ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು.

ಕರ್ನರ್ ಊಹೆಯನ್ನು ನಿಜ ಮಾಡಿದವರು ಕಣ್ಣಿನ ಡಾಕ್ಟರು. ಸ್ಯಾನ್ ಫ್ರಾನ್ಸಿಸ್ಕೋದ ಅಲನ್ ಸ್ಕಾಟ್ ಮೆಳ್ಳೆಗಣ್ಣನ್ನು ಆಪರೇಷನ್ ಇಲ್ಲದೆ ಸರಿಪಡಿಸುವ ದಾರಿ ಹುಡುಕುತ್ತಿದ್ದರು. ಈ ವಿಷವನ್ನೇ ಬಳಸಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳನ್ನು 1973ರಲ್ಲಿ, ಮನುಷ್ಯರ ಮೇಲಿನವನ್ನು 1980ರಲ್ಲಿ ಅವರು ಪ್ರಕಟಿಸಿದರು. ಮೆಳ್ಳೆಗಣ್ಣು ಮತ್ತು ರೆಪ್ಪೆ ತಾನಾಗಿ ಬಿಗಿದು ಮುಚ್ಚಿಕೊಳ್ಳುವ ಕಾಯಿಲೆಗೆ ಅದನ್ನು ಬಳಸಲು 1989ರಲ್ಲಿ ಅಮೆರಿಕದ ಔಷಧ ಆಡಳಿತದ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನೇತ್ರತಜ್ಞೆ ಜೀನ್ ಕರುದರ್ಸ್, ಇದೇ ರೆಪ್ಪೆಯ ಕಾಯಿಲೆಗೆ ಚುಚ್ಚುಮದ್ದು ಪಡೆಯುತ್ತಿದ್ದ ರೋಗಿಯೊಬ್ಬರ ಹುಬ್ಬಿನ ನಡುವಿನ ಗಂಟು ಮಾಯವಾದದ್ದನ್ನು ಗಮನಿಸಿದ್ದರು. ಚರ್ಮತಜ್ಞರಾದ ಪತಿ ಅಲೆಸ್ಟರ್ ಜೊತೆ ಸೇರಿ 1992ರಲ್ಲಿ ಅವರು ಬರೆದ ಲೇಖನ ಸೌಂದರ್ಯ ಚಿಕಿತ್ಸೆಯ ಚರಿತ್ರೆಯನ್ನೇ ತಿರುಗಿಸಿತು. ಹುಬ್ಬಿನ ನಡುವಿನ ಗೆರೆಗೆ 2002ರಲ್ಲಿ, ಕಣ್ಣಿನ ತುದಿಯ ಗೆರೆಗೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಬಂತು.

ಕಣ್ಣಿನ ತುದಿಗೆ ಮಾಡುವುದು ಇಷ್ಟು. ಜೋರಾಗಿ ನಗಿಸಿ, ಗೆರೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ವೈದ್ಯರು ಮೊದಲು ನೋಡುತ್ತಾರೆ. ಕಣ್ಣಿನ ಹೊರಮೂಲೆಯಿಂದ ಒಂದೂವರೆ, ಎರಡು ಸೆಂಟಿಮೀಟರ್ ಆಚೆ, ಮೂಳೆಯ ಅಂಚಿನ ಹೊರಗೆ ಮೊದಲ ಬಿಂದು. ಅದರ ಮೇಲೊಂದು, ಕೆಳಗೊಂದು. ಅನುಮತಿ ಪಡೆದ ಪ್ರಮಾಣದಲ್ಲಿ ಒಂದೊಂದು ಬಿಂದುವಿಗೆ 4 ಯೂನಿಟ್, ಎರಡೂ ಬದಿ ಸೇರಿ 24. ಕೂದಲೆಳೆಯ ಸೂಜಿ ಚರ್ಮದಡಿಗೆ ಮಾತ್ರ ಇಳಿಯುತ್ತದೆ. ನರ ಸ್ನಾಯುವಿಗೆ ಕಳಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರದಂತೆ ಈ ಮದ್ದು ತಡೆಯುತ್ತದೆ. ಕೆಲವೇ ದಿನಗಳಲ್ಲಿ ಫಲ ಕಾಣತೊಡಗಿ ಮೂರು, ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹುಸಿ ಮದ್ದಿನೊಂದಿಗೆ (ಪ್ಲಸೀಬೊ) ಹೋಲಿಸಿ ನಡೆಸಿದ ದೊಡ್ಡ ಪ್ರಯೋಗಗಳ ಬೆಂಬಲ ಇದಕ್ಕಿದೆ. ಈ ಲೇಖನದ ಚುಚ್ಚುಮದ್ದುಗಳಲ್ಲಿ ಪುರಾವೆಯ ದೃಷ್ಟಿಯಿಂದ ಇದೇ ಮುಂದೆ.

ಆದರೆ ಅದರ ಸೀಮೆ ಚಿಕ್ಕದು. ನಕ್ಕಾಗ ಮೂಡುವ ಗೆರೆ ಮಾಯವಾಗುತ್ತದೆ, ಸುಮ್ಮನಿದ್ದಾಗಲೂ ಉಳಿಯುವ ಗೆರೆ ಅರ್ಧಂಬರ್ಧ. ಚೀಲಕ್ಕೆ, ಗುಳಿಗೆ, ಕಪ್ಪಿಗೆ ಇದರಿಂದ ಏನೂ ಆಗದು. ಕೆಳರೆಪ್ಪೆಯ ಸ್ನಾಯುವನ್ನು ದುರ್ಬಲಗೊಳಿಸಿದರೆ ಚೀಲ ಇನ್ನಷ್ಟು ಎದ್ದು ಕಾಣಬಹುದು, ಕಣ್ಣು ಒಣಗಬಹುದು. ಮದ್ದು ಪಕ್ಕಕ್ಕೆ ಹರಡಿದರೆ ರೆಪ್ಪೆ ಜೋಲುವುದು, ಎರಡೆರಡು ಕಾಣುವುದು ಉಂಟು. ಇವು ಸಾಮಾನ್ಯವಾಗಿ ತಾತ್ಕಾಲಿಕ. ಕಳ್ಳಮಾಲಿನ ಅಪಾಯ ಬೇರೆ ತರದ್ದು: 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಅಥವಾ ಸರಿಯಾಗಿ ಇಡದ ಚುಚ್ಚುಮದ್ದಿನಿಂದ ಜನ ಆಸ್ಪತ್ರೆ ಸೇರಿದರು.

ಇನ್ನೊಂದು ಆಕ್ಷೇಪ ವೈದ್ಯಕೀಯದ್ದಲ್ಲ, ಆದರೂ ನನಗೆ ತೂಕದ್ದಾಗಿ ಕಾಣುತ್ತದೆ. ಫ್ರಾನ್ಸಿನ ದ್ಯುಶೆನ್ 1862ರಲ್ಲೇ ತೋರಿಸಿದಂತೆ, ಮನಸಾರೆ ನಕ್ಕಾಗ ತುಟಿಯ ಜೊತೆ ಕಣ್ಣಿನ ಸುತ್ತಲ ಸ್ನಾಯುವೂ ಕುಗ್ಗುತ್ತದೆ. ನಗು ನಿಜವೋ ಅಲ್ಲವೋ ಎಂದು ಎದುರಿನವರು ಓದುವುದು ಆ ಗೆರೆಗಳಲ್ಲಿ. ಅವನ್ನು ಪೂರ್ತಿ ಅಳಿಸದೆ ಮೆದುವಾಗಿಸಿದರೆ ಸಾಕು ಎನ್ನುವ ವೈದ್ಯರ ಪಕ್ಷ ನನ್ನದು.

ಗುಳಿ ತುಂಬುವವರು

ಬರಿದಾಗುವಿಕೆಯ ಪಂಥದ ಮುಖ್ಯ ಆಯುಧ ಫಿಲ್ಲರ್. ಇಂದು ಹೆಚ್ಚು ಬಳಕೆಯಲ್ಲಿರುವ ಹಯಲುರಾನಿಕ್ ಆಮ್ಲವನ್ನು ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ. ಅದು ಮುಖಕ್ಕೆ ಬರಲು ಬಹಳ ಕಾಲ ಹಿಡಿಯಿತು. ಅದಕ್ಕೂ ಮೊದಲು, 1981ರಲ್ಲಿ, ಫಿಲ್ಲರ್ ಆಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ದನದ ಕೊಲಾಜೆನ್. ಅದಕ್ಕೆ ಅಲರ್ಜಿಯ ಪರೀಕ್ಷೆ ಬೇಕಿತ್ತು. ಹಯಲುರಾನಿಕ್ ಆಮ್ಲದ ಫಿಲ್ಲರ್‌ಗೆ 2003ರಲ್ಲಿ ಅನುಮತಿ ಸಿಕ್ಕಿತು. ಬೇಡವೆನಿಸಿದರೆ ಹಯಲುರೊನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು ಎಂಬುದು ಅದರ ದೊಡ್ಡ ಅನುಕೂಲ.

ಕಣ್ಣಿನ ಒಳಮೂಲೆಯಿಂದ ಕೆನ್ನೆಯ ಕಡೆಗೆ ಓರೆಯಾಗಿ ಇಳಿಯುವ ಗುಳಿಗೆ ವೈದ್ಯರು ವರ್ಷಗಟ್ಟಲೆ ಅನುಮತಿಯ ಪಟ್ಟಿಯ ಹೊರಗೆ, ಸ್ವಂತ ವಿವೇಚನೆಯಿಂದ ಇದನ್ನು ಬಳಸುತ್ತಿದ್ದರು. ಕಣ್ಣಿನ ಕೆಳಗಿನ ಗುಳಿಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಬಂದದ್ದು 2022ರಲ್ಲಿ. ಚರ್ಮ ತಕ್ಕಮಟ್ಟಿಗೆ ದಪ್ಪವಿದ್ದು, ಚೀಲ ದೊಡ್ಡದಿಲ್ಲದವರಲ್ಲಿ ಫಲ ಚೆನ್ನಾಗಿರುತ್ತದೆ. ತೆಳು ಚರ್ಮದಡಿ ಮೇಲ್ಮೇಲೆ ತುಂಬಿದರೆ ನೀಲಿ ಛಾಯೆ ಬರುತ್ತದೆ. ಹಯಲುರಾನಿಕ್ ಆಮ್ಲಕ್ಕೆ ನೀರು ಹೀರುವ ಗುಣವಿರುವುದರಿಂದ ಬೆಳಗಿನ ಊತ ಹೆಚ್ಚುತ್ತದೆ. ಒಂದು ವರ್ಷದಲ್ಲಿ ಕರಗುತ್ತದೆ ಎಂದು ಹೇಳಿ ಹಾಕಿದ ವಸ್ತು ಅನೇಕ ವರ್ಷಗಳ ನಂತರವೂ ಎಂಆರ್‌ಐಯಲ್ಲಿ ಕಂಡದ್ದಿದೆ. ಕರಗಿಲ್ಲವೆಂದು ಅರಿಯದೆ ವರ್ಷವರ್ಷವೂ ಸೇರಿಸುತ್ತ ಹೋಗುವುದು ಹೊಸದೊಂದು ತೊಂದರೆಯಾಗಿದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಅಪರೂಪದ್ದು, ಆದರೆ ಹೆಚ್ಚಿನ ಸಲ ಸರಿಪಡಿಸಲಾಗದ್ದು. ಹಣೆ, ಮೂಗು, ಕಣ್ಣಿನ ಒಳಮೂಲೆಯ ರಕ್ತನಾಳಗಳು ಕಣ್ಣಿನೊಳಗಿನ ಅಪಧಮನಿಯೊಂದಿಗೆ ಕೂಡಿಕೊಂಡಿವೆ. ಸೂಜಿಯ ಮೊನೆ ಅಂಥ ನಾಳದೊಳಗೆ ಹೊಕ್ಕು, ಚುಚ್ಚುವ ಒತ್ತಡ ರಕ್ತದ ಒತ್ತಡವನ್ನು ಮೀರಿದರೆ ಫಿಲ್ಲರ್ ಹಿಮ್ಮುಖವಾಗಿ ಹರಿಯುತ್ತದೆ. ಒತ್ತಡ ಬಿಟ್ಟೊಡನೆ ರಕ್ತವೇ ಅದನ್ನು ಮುಂದಕ್ಕೆ, ಅಕ್ಷಿಪಟಲದ ನಾಳಕ್ಕೆ ತಳ್ಳುತ್ತದೆ. ಕ್ಷಣಗಳಲ್ಲಿ ಕಣ್ಣು ಕತ್ತಲಾಗುತ್ತದೆ. ರಕ್ತವಿಲ್ಲದೆ ಅಕ್ಷಿಪಟಲ ತಾಳುವುದು ಸುಮಾರು 90 ನಿಮಿಷ ಎಂದು ಪ್ರಾಣಿಗಳ ಮೇಲಿನ ಅಧ್ಯಯನಗಳು ಹೇಳುತ್ತವೆ. 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಪ್ರಪಂಚದ ವೈದ್ಯಕೀಯ ಬರಹಗಳಿಂದ ಇಂಥ 98 ಪ್ರಕರಣಗಳನ್ನು ಕಲೆಹಾಕಿತು. ಹೆಚ್ಚಿನವರಿಗೆ ದೃಷ್ಟಿ ಮರಳಿರಲಿಲ್ಲ. ಹುಬ್ಬಿನ ನಡುವೆ ಮತ್ತು ಮೂಗಿಗೆ ಚುಚ್ಚಿದಾಗ ಇದು ಹೆಚ್ಚು, ಆದರೆ ಕಣ್ಣಿನ ಗುಳಿಯೂ ಸುರಕ್ಷಿತ ವಲಯವಲ್ಲ. ಮೊನೆ ಮೊಂಡಾದ ನಳಿಗೆ ಬಳಸಿದರೆ ಅಪಾಯ ಕಡಿಮೆ ಎಂದು ಹಲವರು ನಂಬುತ್ತಾರೆ. ಇಲ್ಲವಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಚುಚ್ಚುವ ಮುನ್ನ ಸಿರಿಂಜನ್ನು ಹಿಂದಕ್ಕೆ ಎಳೆದು ರಕ್ತ ಬರುತ್ತದೆಯೇ ನೋಡುವ ಕ್ರಮ ಎಷ್ಟು ನಂಬಲರ್ಹ ಎಂಬ ವಾದ ಇನ್ನೂ ನಡೆದಿದೆ.

ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ, ರಿಯಾಯಿತಿಯ ಪ್ಯಾಕೇಜಿನಲ್ಲಿ ಈ ಕೆಲಸ ನಡೆಯಕೂಡದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಫಿಲ್ಲರ್ ಕರಗಿಸುವ ಕಿಣ್ವ ಕೈಗೆಟುಕುವಂತಿರಬೇಕು, ನೇತ್ರತಜ್ಞರ ಸಂಪರ್ಕ ಇರಬೇಕು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿ ಮತ್ತು ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಹೇಳಬೇಕಾಯಿತು.

ಬಿಸಿ ಕೊಡುವವರು, ಸುಲಿಯುವವರು

ಚರ್ಮವೇ ಮುಪ್ಪಾಗಿದೆ ಎನ್ನುವವರ ದಾರಿ ಇದು. ಬೆಳಕಿನ ತರಂಗವನ್ನು ಸರಿಯಾಗಿ ಆರಿಸಿದರೆ ಬೇಕಾದ ಗುರಿಯನ್ನಷ್ಟೇ ಬಿಸಿ ಮಾಡಬಹುದು ಎಂಬ ತತ್ತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ಮಂಡಿಸಿದರು. 1990ರ ದಶಕದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ಚರ್ಮದ ಮೇಲ್ಪದರವನ್ನು ಪೂರ್ತಿ ತೆಗೆಯುವುದು ಬಂತು: ಫಲ ಅದ್ಭುತ, ಗಾಯ ಮಾಗಲು ವಾರಗಳು, ಬಣ್ಣ ಕೆಡುವ ಭಯ. 2004ರಲ್ಲಿ ಬಂದ ಫ್ರಾಕ್ಷನಲ್ ವಿಧಾನ, ನಾಟಿ ಮಾಡುವಾಗ ಸಸಿಗಳ ನಡುವೆ ಜಾಗ ಬಿಟ್ಟಂತೆ, ಸೂಕ್ಷ್ಮ ಬಿಂದುಗಳನ್ನಷ್ಟೇ ಸುಟ್ಟು ನಡುವಿನ ಚರ್ಮವನ್ನು ಹಾಗೇ ಉಳಿಸುತ್ತದೆ. ಉಳಿದ ಚರ್ಮ ಗಾಯವನ್ನು ಬೇಗ ಮಾಗಿಸುತ್ತದೆ. ರೇಡಿಯೋ ತರಂಗದಿಂದ ಕೊಲಾಜೆನ್ ಬಿಗಿಗೊಳಿಸುವ ಯಂತ್ರಕ್ಕೆ 2002ರಲ್ಲಿ ಅಮೆರಿಕದಲ್ಲಿ ಸಿಕ್ಕ ಮೊದಲ ಒಪ್ಪಿಗೆಯೇ ಕಣ್ಣಿನ ಸುತ್ತಲಿನ ಸುಕ್ಕಿಗೆ. ಅದರ ಫಲ ಮೆದು, ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬೇರೆ.

ಭಾರತೀಯರು ಇಲ್ಲಿ ಕಿವಿಗೊಡಬೇಕಾದ ಮಾತೊಂದಿದೆ. ಚರ್ಮದ ಬಣ್ಣಗಳನ್ನು ವಿಂಗಡಿಸುವ ಫಿಟ್ಸ್‌ಪ್ಯಾಟ್ರಿಕ್ ಅಳತೆಗೋಲು 1975ರಲ್ಲಿ ಹುಟ್ಟಿದ್ದು ಬಿಳಿಯರ ಚರ್ಮಕ್ಕಾಗಿ. ಕಂದು ಮತ್ತು ಕಪ್ಪು ಚರ್ಮದ ವರ್ಗಗಳನ್ನು ಆಮೇಲೆ ಸೇರಿಸಿದ್ದು. ನಮ್ಮಲ್ಲಿ ಬಹುಪಾಲು ಮಂದಿ ನಾಲ್ಕು, ಐದನೆಯ ವರ್ಗದವರು. ನಮ್ಮ ಚರ್ಮಕ್ಕೆ ಬಿಸಿ ತಾಗಿದರೆ ಅದು ಕಪ್ಪು ಕಲೆಯಾಗಿ ಉತ್ತರ ಕೊಡುತ್ತದೆ. ಸುಕ್ಕು ತೆಗೆಸಲು ಹೋಗಿ ಕಣ್ಣಿನ ಸುತ್ತ ತಿಂಗಳುಗಟ್ಟಲೆ ಕಪ್ಪು ಹೊತ್ತು ತಿರುಗಬೇಕಾದೀತು. ಯಂತ್ರದ ಶಕ್ತಿ ತಗ್ಗಿಸಿ ಹೆಚ್ಚು ಸಲ ಮಾಡುವುದು ಇಲ್ಲಿನ ಅನುಭವಿಗಳ ಕ್ರಮ. ರೆಪ್ಪೆಯ ಮೇಲೆಯೇ ಲೇಸರ್ ಹಾಯಿಸುವುದಾದರೆ ಕಣ್ಣುಗುಡ್ಡೆಗೆ ಲೋಹದ ಕವಚ ಹಾಕಲೇಬೇಕು. ಚರ್ಮದ ಮೇಲ್ಪದರ ಸುಲಿಯುವ ರಾಸಾಯನಿಕ ಪೀಲ್‌ಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಟ್ಯೂಬಿನಲ್ಲಿರುವ ಮದ್ದು

ಕ್ರೀಮುಗಳಲ್ಲಿ ಗಟ್ಟಿ ಪುರಾವೆ ಇರುವವು ಎರಡೇ: ಟ್ರೆಟಿನಾಯಿನ್ ಬಳಗ ಮತ್ತು ಸನ್‌ಸ್ಕ್ರೀನ್. ಮೊಡವೆಗೆಂದು 1971ರಲ್ಲಿ ಮಾರುಕಟ್ಟೆಗೆ ಬಂದ ಟ್ರೆಟಿನಾಯಿನ್ ಸುಕ್ಕನ್ನೂ ತಗ್ಗಿಸುತ್ತದೆ ಎಂದು ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ 1986ರಲ್ಲಿ ತೋರಿಸಿದರು. ಆ ಬಳಕೆಗೆ 1995ರಲ್ಲಿ ಅನುಮತಿ ಬಂತು. ಇದೇ ಕ್ಲಿಗ್‌ಮನ್ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ವರ್ಷಗಟ್ಟಲೆ ಚರ್ಮದ ಪ್ರಯೋಗ ಮಾಡಿದವರು. ಅವರಲ್ಲಿ ಬಹಳಷ್ಟು ಮಂದಿ ಕಪ್ಪು ಜನ. ಕ್ಲಿಗ್‌ಮನ್ ಇದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಇದಕ್ಕಾಗಿ 2021ರಲ್ಲಿ ಕ್ಷಮೆ ಕೇಳಿತು. ನಾವು ಹಚ್ಚಿಕೊಳ್ಳುವ ಮದ್ದಿನ ಚರಿತ್ರೆಯಲ್ಲಿ ಆ ಕೈದಿಗಳ ಬೆನ್ನಿನ ಚರ್ಮವೂ ಇದೆ ಎಂಬುದನ್ನು ಬಿಟ್ಟು ಈ ಕಥೆ ಹೇಳಬಾರದು. ಕಣ್ಣಿನ ಹತ್ತಿರ ಇದು ಉರಿ ತರಿಸುತ್ತದೆ, ಚರ್ಮ ಸುಲಿಯುತ್ತದೆ. ಅಕ್ಕಿಕಾಳಿನಷ್ಟು ಸಾಕು, ರೆಪ್ಪೆಯ ಅಂಚಿಗೆ ಬೇಡ, ಬಸುರಿಯರಿಗೆ ಬೇಡವೇ ಬೇಡ.

ಸನ್‌ಸ್ಕ್ರೀನಿನ ಪರವಾದ ಸಾಕ್ಷ್ಯ ಆಸ್ಟ್ರೇಲಿಯಾದ ನಂಬೂರ್ ಪಟ್ಟಣದ್ದು. 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಹಚ್ಚಿದವರ ಚರ್ಮದ ಮುಪ್ಪು ಮನಸ್ಸಿಗೆ ಬಂದಾಗ ಹಚ್ಚಿದವರಿಗಿಂತ 24 ಪ್ರತಿಶತ ಕಡಿಮೆಯಿತ್ತು. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 28 ವರ್ಷ ಲಾರಿ ಓಡಿಸಿದ 69ರ ಚಾಲಕನ ಚಿತ್ರ ಪ್ರಕಟಿಸಿತ್ತು. ಕಿಟಕಿಯ ಕಡೆಯ ಎಡ ಅರ್ಧಮುಖದಲ್ಲಿ ಕಣ್ಣಿನ ಕೆಳಗೆ ಮಡಿಕೆ ಮಡಿಕೆಯಾಗಿ ಸುಕ್ಕು, ಬಲ ಅರ್ಧದಲ್ಲಿ ಅದರ ಅರೆಪಾಲೂ ಇಲ್ಲ. ಪಕ್ಕದ ಕಿಟಕಿಯ ಸಾಮಾನ್ಯ ಗಾಜು ಬಿಸಿಲಿನ ಯುವಿ-ಎ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ನಮ್ಮ ಬಸ್ಸು, ಲಾರಿ ಚಾಲಕರಿಗೆ ಆ ಬಿಸಿಲು ಬೀಳುವುದು ಬಲಗೆನ್ನೆಗೆ.

ಎರಡು ಟ್ಯೂಬುಗಳ ಬಗ್ಗೆ ಎಚ್ಚರ ಬೇಕು. ಬಿಳುಪಿಗೆಂದು ಬಳಸುವ, ಸ್ಟೆರಾಯ್ಡ್ ಬೆರೆತ ಮುಲಾಮುಗಳು ಕಣ್ಣಿನ ಸುತ್ತಲ ಚರ್ಮವನ್ನು ಇನ್ನೂ ತೆಳುವಾಗಿಸುತ್ತವೆ. ದೀರ್ಘಕಾಲ ರೆಪ್ಪೆಗೆ ಹಚ್ಚಿದರೆ ಗ್ಲಾಕೋಮಾ, ಕಣ್ಣಿನ ಪೊರೆಯ ಅಪಾಯವೂ ಉಂಟು. ಭಾರತದಲ್ಲಿ 2018ರಲ್ಲಿ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮವಾಯಿತು. ಎರಡನೆಯದು ರೆಪ್ಪೆಗೂದಲು ಬೆಳೆಸುವ ಬಿಮಾಟೊಪ್ರೊಸ್ಟ್ ಮತ್ತು ಅದರ ಬಳಗದ ಸೀರಮ್‌ಗಳು. ಗ್ಲಾಕೋಮಾದ ಹನಿಯಿಂದ ಬಂದ ಈ ಮದ್ದು ರೆಪ್ಪೆಯ ಚರ್ಮವನ್ನು ಕಪ್ಪಾಗಿಸಬಲ್ಲದು. ಹನಿಯಾಗಿ ಬಳಸಿದವರಲ್ಲಿ ಕಣ್ಣಿನ ಸುತ್ತಲಿನ ಕೊಬ್ಬು ಕರಗಿ ಗುಳಿ ಬಿದ್ದದ್ದೂ ದಾಖಲಾಗಿದೆ.

ನಮ್ಮವರ ಮುಖ್ಯ ದೂರು: ಕಪ್ಪು

ಪಶ್ಚಿಮದ ಪುಸ್ತಕಗಳು ಸುಕ್ಕಿನಿಂದ ಶುರುವಾಗುತ್ತವೆ. ನಮ್ಮಲ್ಲಿ ಹೆಚ್ಚಿನವರನ್ನು ಸುಕ್ಕಿಗಿಂತ ಬಹಳ ಮೊದಲೇ ಕಾಡುವುದು ಕಣ್ಣಿನ ಸುತ್ತಲ ಕಪ್ಪು. ಅದಕ್ಕೆ ಕಾರಣ ಹಲವು: ವಂಶದಿಂದ ಬಂದ ಬಣ್ಣ, ತೆಳು ಚರ್ಮದಡಿ ಇಣುಕುವ ರಕ್ತನಾಳ, ಗುಳಿಯ ನೆರಳು, ಅಲರ್ಜಿಯಿಂದ ಸದಾ ಕಣ್ಣುಜ್ಜುವ ಅಭ್ಯಾಸ. ಬೆಂಗಳೂರಿನ ಧೂಳು, ಪರಾಗದಲ್ಲಿ ಕೊನೆಯದನ್ನು ಕಡೆಗಣಿಸುವಂತಿಲ್ಲ. ಅಲರ್ಜಿಗೆ ಮದ್ದು ತೆಗೆದುಕೊಳ್ಳದೆ ಲೇಸರಿಗೆ ದುಡ್ಡು ಕೊಟ್ಟರೆ ಕಪ್ಪು ಮರಳಿ ಬರುತ್ತದೆ.

ವೈದ್ಯರು ಕೋಣೆಯಲ್ಲೇ ಮಾಡುವ ಪರೀಕ್ಷೆ ಸರಳ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲನೆ ಕೆಳಕ್ಕೆ ಎಳೆಯುತ್ತಾರೆ. ಕಪ್ಪು ಹಾಗೆಯೇ ಉಳಿದರೆ ಅದು ಬಣ್ಣ. ನೇರಳೆ ಹೆಚ್ಚಾದರೆ ರಕ್ತನಾಳ. ಮುಖವನ್ನು ದೀಪದ ಕಡೆಗೆ ಮೇಲೆತ್ತಿಸಿದಾಗ ಮಾಯವಾದರೆ ಅದು ನೆರಳು, ಗುಳಿ ತುಂಬಿದರೆ ಹೋಗುವಂಥದ್ದು. ಬಣ್ಣದ ಕಪ್ಪಿಗೆ ಫಿಲ್ಲರ್ ಹಾಕಿಸಿಕೊಂಡರೂ, ನೆರಳಿಗೆ ಬಿಳುಪಿನ ಕ್ರೀಮು ಹಚ್ಚಿದರೂ ಫಲ ಸೊನ್ನೆ. ಮುಖ್ಯವಾಗಿ, ಬೆಳಗ್ಗೆ ರೆಪ್ಪೆ ಊದುವುದು ಥೈರಾಯ್ಡ್ ಅಥವಾ ಮೂತ್ರಪಿಂಡದ ತೊಂದರೆಯಿಂದ ಇರಬಹುದು. ರೆಪ್ಪೆಯ ಮೇಲಿನ ಹಳದಿ ಗಂಟು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಲು ಕಾರಣ. ಒಂದು ರೆಪ್ಪೆ ದಿಢೀರನೆ ಜೋತುಬಿದ್ದರೆ ಅದು ನರದ ಸಮಸ್ಯೆಯಾಗಿರಬಹುದು, ಅಂದೇ ವೈದ್ಯರಿಗೆ ತೋರಿಸಬೇಕು.

ಇತ್ಯರ್ಥವಾಗದೆ ಉಳಿದದ್ದು

ಇಪ್ಪತ್ತೈದರ ಹರೆಯದಲ್ಲೇ ಬೊಟಾಕ್ಸ್ ಶುರು ಮಾಡಿದರೆ ಮುಂದೆ ಸುಕ್ಕು ಬಾರದೆಂಬ ಪ್ರಚಾರ ಜೋರಾಗಿದೆ. ಅದರ ಪರವಾಗಿ ಪದೇಪದೇ ಉಲ್ಲೇಖವಾಗುವುದು 2006ರಲ್ಲಿ ಪ್ರಕಟವಾದ ಅವಳಿ ಸೋದರಿಯರ ವರದಿ: 13 ವರ್ಷ ಕ್ರಮವಾಗಿ ಚುಚ್ಚಿಸಿಕೊಂಡವಳ ಗೆರೆಗಳು ಇನ್ನೊಬ್ಬಳಿಗಿಂತ ಕಡಿಮೆ ಇದ್ದವು. ಆದರೆ ಅದು ಒಂದೇ ಜೋಡಿ. ಮೂವತ್ತು, ನಲವತ್ತು ವರ್ಷ ಸತತವಾಗಿ ಸುಮ್ಮನಾಗಿಸಿದ ಸ್ನಾಯು ಮತ್ತು ಅದರ ಮೇಲಿನ ತೆಳು ಚರ್ಮ ಏನಾಗುತ್ತವೆ ಎಂಬುದಕ್ಕೆ ದೊಡ್ಡ ಅಧ್ಯಯನದ ಉತ್ತರವಿಲ್ಲ.

ಸ್ವಂತ ರಕ್ತದಿಂದ ತೆಗೆದ ಪಿಆರ್‌ಪಿ, ಮೀನಿನ ಡಿಎನ್‌ಎಯಿಂದ ಮಾಡಿದ ಪಾಲಿನ್ಯೂಕ್ಲಿಯೊಟೈಡ್ ಚುಚ್ಚುಮದ್ದುಗಳ ಪ್ರಯೋಗಗಳು ಚಿಕ್ಕವು, ತಯಾರಿಸುವ ವಿಧಾನ ಒಬ್ಬೊಬ್ಬರದು ಒಂದೊಂದು. ಹೀಗಾಗಿ ಒಂದರ ಫಲಿತಾಂಶವನ್ನು ಇನ್ನೊಂದರ ಪಕ್ಕ ಇಡಲಾಗುತ್ತಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದ ಸ್ಪಾ ಒಂದರಲ್ಲಿ 2018ರಲ್ಲಿ ಇಂಥ ರಕ್ತದ ಚಿಕಿತ್ಸೆಯಿಂದಲೇ ಎಚ್‌ಐವಿ ಹರಡಿದ್ದು ತನಿಖೆಯಲ್ಲಿ ಕಂಡುಬಂತು. ಯಶಸ್ಸನ್ನು ಅಳೆಯುವುದು ಹೇಗೆ ಎಂಬಲ್ಲೂ ಒಪ್ಪಂದವಿಲ್ಲ: ಫೋಟೋ ನೋಡಿ ಅಂಕ ಕೊಡಬೇಕೋ, ರೋಗಿಯ ತೃಪ್ತಿ ಕೇಳಬೇಕೋ? ಅನೇಕ ಪ್ರಯೋಗಗಳಿಗೆ ಹಣ ಕೊಟ್ಟವರು ತಯಾರಕರೇ ಆಗಿರುವಾಗ ಈ ಪ್ರಶ್ನೆ ಚಿಕ್ಕದಲ್ಲ. ಕಂದು ಚರ್ಮದ ಕಪ್ಪಿಗೆ ಯಾವ ಕ್ರಮದಲ್ಲಿ ಯಾವ ಚಿಕಿತ್ಸೆ ಎಂಬ ಎಲ್ಲರೂ ಒಪ್ಪುವ ಮಾರ್ಗಸೂಚಿ ಇನ್ನೂ ಬರಬೇಕಿದೆ; ಅದನ್ನು ಬರೆಯಬೇಕಾದವರು ನಮ್ಮಲ್ಲಿನ ಚರ್ಮತಜ್ಞರೇ.

ಫಿಲ್ಲರಿನಿಂದ ಕಣ್ಣು ಕತ್ತಲಾದಾಗ ಕಣ್ಣುಗುಡ್ಡೆಯ ಹಿಂದೆ ಕಿಣ್ವ ಚುಚ್ಚಿದರೆ ದೃಷ್ಟಿ ಮರಳುತ್ತದೆಯೇ? ಮರಳಿದ ವರದಿಗಳೂ ಇವೆ, ಮರಳದ ವರದಿಗಳೂ ಇವೆ. ಇಂಥ ದುರ್ಘಟನೆ ಎಷ್ಟು ಸಾವಿರಕ್ಕೆ ಒಂದು ಎಂದು ಲೆಕ್ಕ ಹಾಕಲು ಒಟ್ಟು ಎಷ್ಟು ಚುಚ್ಚುಮದ್ದು ನಡೆದಿವೆ ಎಂಬ ಎಣಿಕೆ ಬೇಕು, ಅದು ಇಲ್ಲ. ಔಷಧಗಳ ಅಡ್ಡಪರಿಣಾಮ ದಾಖಲಿಸಲು ಭಾರತದಲ್ಲಿ 2010ರಿಂದ, ವೈದ್ಯಕೀಯ ಸಾಧನಗಳಿಗೆ 2015ರಿಂದ ರಾಷ್ಟ್ರೀಯ ಕಾರ್ಯಕ್ರಮಗಳಿವೆ. ರೋಗಿಯೂ ಅಲ್ಲಿ ವರದಿ ಮಾಡಬಹುದು. ಸೌಂದರ್ಯ ಚಿಕಿತ್ಸೆಯಲ್ಲಿ ಪೆಟ್ಟು ತಿಂದವರು ನಾಚಿಕೆಯಿಂದ ಬಾಯಿ ಬಿಡದಿದ್ದಾಗ, ಕ್ಲಿನಿಕ್ಕುಗಳು ಹೆಸರಿಗೆ ಹೆದರಿ ಬರೆಯದಿದ್ದಾಗ, ಆ ಲೆಕ್ಕವನ್ನು ಪೂರ್ತಿ ಮಾಡುವವರು ಯಾರು ಎಂಬುದು ವೈದ್ಯರು, ಸರ್ಕಾರ ಮತ್ತು ತಯಾರಕರ ನಡುವೆ ಇತ್ಯರ್ಥವಾಗದೆ ಉಳಿದಿದೆ.